ಸಹಾಯ ಬೇಕು: ‘ಮೂನ್‌ಶೈನರ್ 28’ ಬೈಕ್ ಸವಾರಿ

ಅಮೆರಿಕದಲ್ಲಿರುವ ಕನ್ನಡಿಗರೇ, ಅಕ್ಟೋಬರ್‌ನಲ್ಲಿ ನಾರ್ತ್ ಕ್ಯಾರೊಲಿನಾದ ಡೀಲ್ಸ್ ಗ್ಯಾಪ್‌ನಿಂದ ಫಾಂಟಾನಾ, ಫ್ರಾಂಕ್ಲಿನ್, ಹೈಲ್ಯಾಂಡ್ಸ್ ದಾಟಿ ಸೌತ್ ಕ್ಯಾರೊಲಿನಾದ ವಾಲ್‌ಹಲಾಗೆ ಎರಡು ಬೈಕ್‌ಗಳಲ್ಲಿ ಹೊರಡುತ್ತಿದ್ದೇವೆ. ಇದೇ ‘ಮೂನ್‌ಶೈನರ್ 28’, ಅಂದರೆ ಹೆದ್ದಾರಿ 28; ಹಿಂದೆ ಮೆಕ್ಕೆಜೋಳದ ಕಳ್ಳಭಟ್ಟಿ ಸಾರಾಯಿ ಸಾಗಿದ ಬೆಟ್ಟದ ದಾರಿಯಿದು. ಆವಿ ತಣಿಸಲು ತಣ್ಣೀರು ಬೇಕಿದ್ದರಿಂದ ಭಟ್ಟಿಗಳು ಹೆಚ್ಚಾಗಿ ಹಳ್ಳದ ಪಕ್ಕದಲ್ಲೇ ಇರುತ್ತಿದ್ದವು. ಅಂಥ ಹಳೆಯ ತಾಮ್ರದ ಭಟ್ಟಿ ನೋಡಲು ಸಿಗುವ ಊರು ಯಾವುದು?

ಮುಖ್ಯ ಚಿಂತೆ ಫ್ರಾಂಕ್ಲಿನ್ ಮತ್ತು ಹೈಲ್ಯಾಂಡ್ಸ್ ನಡುವಿನ ಕುಲ್ಲಸೇಜಾ ಕಣಿವೆಯದು. ರಸ್ತೆ ಕಿರಿದು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಒದ್ದೆ ಎಲೆ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಹೈಲ್ಯಾಂಡ್ಸ್‌ನಿಂದ ಇಳಿಯುವಾಗ ಬ್ರೇಕ್ ಕಾಯದಂತೆ ಎರಡನೇ ಗೇರ್ ಸಾಕೇ? ಬೆಳಗ್ಗೆ ಎಷ್ಟು ಹೊತ್ತಿಗೆ ರಸ್ತೆ ಒಣಗುತ್ತದೆ? ಟ್ಯಾಂಕ್ 12 ಲೀಟರ್ ಮಾತ್ರ. ಡೀಲ್ಸ್ ಗ್ಯಾಪ್ ಬಿಟ್ಟ ಮೇಲೆ ನಂಬಬಹುದಾದ ಪೆಟ್ರೋಲ್ ಬಂಕ್ ಎಲ್ಲಿದೆ, ದಯವಿಟ್ಟು ತಿಳಿಸಿ.