ಮೂರ್ತಿಗಳ ಪೆನ್ನು, ನಮ್ಮ ಬೋರ್ ನೀರು

ನಮ್ಮ ಬಡಾವಣೆ ಇರುವುದು ಬೆಂಗಳೂರಿನ ಅಂಚಿನಲ್ಲಿ, ವರ್ತೂರಿನ ಆಚೆ. ಸಂಜೆ ಪಾರ್ಕಿನ ಕಲ್ಲುಬೆಂಚಿನ ಹತ್ತಿರ ನಾಲ್ಕೈದು ಜನ ಸೇರುತ್ತೇವೆ. ರಾಜಕೀಯ ಎತ್ತಬಾರದು ಅಂತ ಒಪ್ಪಂದವಾಗಿದೆ. ಹಾಗಾಗಿ ನೀರಿನ ಬಗ್ಗೆ ಮಾತಾಡುತ್ತೇವೆ. ಜಗಳವೇನೂ ಕಡಿಮೆ ಆಗಿಲ್ಲ.

ಮೊನ್ನೆ ಮೂರ್ತಿಗಳು ಬಂದವರೇ ಜೇಬಿನಿಂದ ಟಿಡಿಎಸ್ ಪೆನ್ನು, ಅಂದರೆ ನೀರಲ್ಲಿ ಎಷ್ಟು ಉಪ್ಪು ಕರಗಿದೆ ಅಂತ ಅಂದಾಜು ತೋರಿಸುವ ಕಡ್ಡಿ, ತೆಗೆದು ಎಲ್ಲರ ಮುಂದೆ ಹಿಡಿದರು.

“ಮೋಸ ಹೋದೆ ಕಣ್ರೀ. ಸಾಫ್ಟ್‌ನರ್ ಹಾಕಿಸೋಕೆ ಮುಂಚೆ ಅದ್ದಿದರೆ 1100 ತೋರಿಸ್ತಿತ್ತು. ಹಾಕಿಸಿದ ಮೇಲೆ 1130! ಅಷ್ಟು ದುಡ್ಡು ಸುರಿದು ಮೂವತ್ತು ಜಾಸ್ತಿ ಮಾಡಿಸಿಕೊಂಡೆ.”

ಸೀನ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುವವನು. ಬಾಯಿಗೆ ಕರ್ಚೀಫು ಒತ್ತಿಕೊಂಡ. “ಸರ್, ಸಾಫ್ಟ್‌ನರ್ ನೀರಿನಿಂದ ಗಡಸುತನ ತರೋ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದಿಟ್ಟುಕೊಂಡು ಅದರ ಜಾಗಕ್ಕೆ ಸೋಡಿಯಂ ಬಿಡುತ್ತೆ. ತೂಕಕ್ಕೆ ಸೋಡಿಯಮ್ಮೇ ಒಂಚೂರು ಹೆಚ್ಚು ಬರುತ್ತೆ. ನಿಮ್ಮ ಪೆನ್ನಿಗೆ ನೀರಲ್ಲಿ ಕರೆಂಟು ಎಷ್ಟು ಹರಿಯುತ್ತೆ ಅನ್ನೋದಷ್ಟೇ ಗೊತ್ತು. ಅದು ಯಾವ ಉಪ್ಪು ಅಂತ ಅದಕ್ಕೆ ತಿಳಿಯಲ್ಲ.”

“ಮತ್ತೆ ಆ ಅಂಗಡಿಯವನು ಇದನ್ನ ಯಾಕೆ ಮಾರಿದ?”

“ನೀವು ಕೇಳಿದ್ರಿ, ಮಾರಿದ.”

ಮೂರ್ತಿಗಳು ಸುಮ್ಮನಾಗುವ ಪೈಕಿ ಅಲ್ಲ. ಪೆನ್ನನ್ನು ಪದ್ಮಕ್ಕನ ಫ್ಲಾಸ್ಕಿನ ಕಾಫಿಗೆ ಅದ್ದಲು ಹೋದರು. ಪದ್ಮಕ್ಕ ಮುಚ್ಚಳ ಹಾಕಿಕೊಂಡರು. “ನಿಮ್ಮ ಪೆನ್ನು ಮೊದಲು ನಮ್ಮ ತೊಗರಿಬೇಳೆ ಯಾಕೆ ಬೇಯಲ್ಲ ಅಂತ ಹೇಳಲಿ, ಆಮೇಲೆ ಕಾಫಿ ನೋಡೋಣ. ಆರು ವಿಷಲ್ ಕೂಗಿಸಿದರೂ ಕಾಳು ಕಾಳಾಗೇ ಇರುತ್ತೆ. ಸೊಸೆ ಕುಕ್ಕರ್ ಸರಿ ಇಲ್ಲ ಅಂತ ಹೊಸದು ತರಿಸಿದಳು. ಅದರಲ್ಲೂ ಹಂಗೇ. ಈಗ ಬೇಳೆ ಅಂಗಡಿ ಬದಲಾಯಿಸಿದ್ದಾಳೆ.”

ಸೀನ ಬಿಡಿಸಿ ಹೇಳಿದ. ಬೇಳೆಯಲ್ಲಿ ಪೆಕ್ಟಿನ್ ಅಂತ ಒಂದು ಅಂಟು ಇರುತ್ತದೆ. ಅದು ಕರಗಿದರೆ ಬೇಳೆ ಮೆತ್ತಗಾಗುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಹೋಗಿ ಆ ಅಂಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಕುಕ್ಕರ್ ಎಷ್ಟು ಕೂಗಿದರೂ ಅದು ಕಿವಿಗೆ ಹಾಕಿಕೊಳ್ಳುವುದಿಲ್ಲ. ಹಿಂದಿನವರು ಚಿಟಿಕೆ ಅಡುಗೆ ಸೋಡ ಹಾಕುತ್ತಿದ್ದದ್ದು ಸುಮ್ನೆ ಅಲ್ಲ.

“ಹಂಗಾದ್ರೆ ಸೊಸೆಗೆ ಹೇಳ್ಲಾ?” ಅಂದರು ಪದ್ಮಕ್ಕ. ಸ್ವಲ್ಪ ಯೋಚಿಸಿ, “ಬೇಡ, ಹೊಸ ಕುಕ್ಕರ್ ಚೆನ್ನಾಗಿದೆ” ಅಂದರು.

ಗಡಸುತನ ಅಳೆಯುವುದು ಹೇಗೆ ಅಂತ ಚರ್ಚೆ ಎದ್ದಿತು. ಸೀನ ಮನೆಗೆ ಓಡಿ ಹನಿ ಕಿಟ್ಟು ತಂದ. ಸಣ್ಣ ಗಾಜಿನ ಶೀಶೆಗೆ ನಲ್ಲಿ ನೀರು ತುಂಬಿ, ಒಂದಿಷ್ಟು ಪುಡಿ ಉದುರಿಸಿ ಅಲ್ಲಾಡಿಸಿದ. ನೀರು ದ್ರಾಕ್ಷಿ ರಸದ ಕೆಂಪಿಗೆ ತಿರುಗಿತು. ಆಮೇಲೆ ಡ್ರಾಪರಿನಿಂದ ಒಂದೊಂದೇ ಹನಿ. ಪೂರ್ತಿ ನೀಲಿಯಾಗುವವರೆಗೆ ಎಣಿಸಬೇಕು. ಈ ಕಿಟ್ಟಿನಲ್ಲಿ ಒಂದು ಹನಿ ಅಂದರೆ ಲೀಟರಿಗೆ 20 ಮಿಲಿಗ್ರಾಂ ಗಡಸುತನ.

ಎಲ್ಲರೂ ಬಗ್ಗಿ ಜೋರಾಗಿ ಎಣಿಸತೊಡಗಿದೆವು. ಹದಿನೆಂಟಕ್ಕೆ ಬಂದಾಗ ಅಸೋಸಿಯೇಷನ್ ಸೆಕ್ರೆಟರಿ ರಂಗಣ್ಣ ಮೆಣಸಿನಕಾಯಿ ಬಜ್ಜಿ ಪೊಟ್ಟಣ ಹಿಡಿದು ಬಂದರು. ಹತ್ತೊಂಬತ್ತೋ ಇಪ್ಪತ್ತೋ ಅಂತ ವಾದ ಶುರುವಾಯಿತು. ಶೀಶೆ ಚೆಲ್ಲಿ ಮತ್ತೆ ಮೊದಲಿಂದ. ಎರಡನೇ ಸಲ ಇಪ್ಪತ್ತೆಂಟಕ್ಕೆ ಅಂಚು ನೇರಳೆಯಾಯಿತು. ಮೂವತ್ತೊಂದಕ್ಕೆ ಇಡೀ ಶೀಶೆ ತಿಳಿ ನೀಲಿ. ಚೆನ್ನಾಗಿತ್ತು ನೋಡೋಕೆ, ನೀರು ಮಾತ್ರ ಚೆನ್ನಾಗಿರಲಿಲ್ಲ. ಲೆಕ್ಕ 620.

“ಸರ್ಕಾರಿ ಮಟ್ಟ ಎಷ್ಟಂತೆ?” ಅಂತ ರಂಗಣ್ಣ ಬಜ್ಜಿ ಕಚ್ಚುತ್ತಾ ಕೇಳಿದರು.

“ಐಎಸ್ 10500 ಪ್ರಕಾರ ಕುಡಿಯೋ ನೀರಿಗೆ 200 ಇರಬೇಕು. ಬೇರೆ ನೀರೇ ಇಲ್ಲ ಅನ್ನೋ ಕಡೆ 600ರವರೆಗೆ ನಡೆಯುತ್ತೆ.”

“ಇಪ್ಪತ್ತು ಜಾಸ್ತಿ ತಾನೇ? ಹೊಂದ್ಕೊಂಡು ಹೋಗೋಣ” ಅಂದರು ರಂಗಣ್ಣ. ಸೆಕ್ರೆಟರಿ ಆದವರ ಮಾತು ಹಾಗೇ.

ಮೂರ್ತಿಗಳಿಗೆ ಹೆದರಿಕೆ ಹುಟ್ಟಿತು. ಕೂದಲು ಉದುರುತ್ತೆ, ಕಿಡ್ನಿಯಲ್ಲಿ ಕಲ್ಲಾಗುತ್ತೆ ಅಂತೆಲ್ಲ ಫೋನಿನಲ್ಲಿ ಬಂದದ್ದನ್ನು ಓದಿ ಹೇಳಿದರು. ಸೀನನ ಮಟ್ಟಿಗೆ ಇದು ದೊಡ್ಡ ವಿಷಯವೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ಲೆಕ್ಕದಲ್ಲಿ ಮಿತಿಯನ್ನೇ ಇಟ್ಟಿಲ್ಲ. ತೊಂದರೆ ಇರುವುದು ಗೀಸರ್ ಕಾಯಿಲಿಗೆ, ಶವರಿನ ತೂತಿಗೆ, ಸೋಪಿಗೆ. “ನನ್ನ ತಲೆ ನೋಡಿ, ಬೋಳಾಗಿದ್ದು ಕಾವೇರಿ ನೀರು ಬರ್ತಿದ್ದ ಜಯನಗರದಲ್ಲಿ” ಅಂದ. ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

“ಕುಡಿಯೋಕೂ ಸಾಫ್ಟ್‌ನರ್ ನೀರೇನಾ ಸರ್?” ಅಂತ ಸೀನ ಕೇಳಿದ.

“ಹೌದು, ಬಾಯಿಗೆ ನುಣ್ಣಗಿರುತ್ತೆ.”

“ಬಿಪಿ ಮಾತ್ರೆ ನುಂಗ್ತೀರಲ್ಲ? ಗಡಸುತನ 100 ಇಳಿಸಿದರೆ ಲೀಟರಿಗೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತೆ. ನಮ್ಮ ನೀರಿಗೆ ಲೆಕ್ಕ ಹಾಕಿ, 280ರ ಹತ್ತಿರ ಬರುತ್ತೆ. ಅಡುಗೆಮನೆ ನಲ್ಲಿಗೆ ಬೇರೆ ಲೈನ್ ಹಾಕಿಸಿ.”

ಉಪ್ಪಿನಕಾಯಿ ಬಿಟ್ಟು ವರ್ಷವಾಗಿದ್ದ ಮೂರ್ತಿಗಳ ಮುಖ ನೋಡಬೇಕಿತ್ತು.

ಪದ್ಮಕ್ಕ ಆಗ ತಮ್ಮ ಕತೆ ತೆಗೆದರು. ಆರ್‌ಒ ಮಾರುವ ಹುಡುಗ ಮನೆಗೆ ಬಂದಿದ್ದನಂತೆ. ಎರಡು ಲೋಟ ಇಟ್ಟ. ಒಂದರಲ್ಲಿ ನಲ್ಲಿ ನೀರು, ಒಂದರಲ್ಲಿ ಅವನ ಮೆಷಿನ್ನಿನ ನೀರು. ಲೋಹದ ಕಡ್ಡಿಗಳನ್ನು ಇಳಿಸಿ ಕರೆಂಟು ಕೊಟ್ಟ. ನಲ್ಲಿ ನೀರು ಚರಂಡಿ ನೀರಿನ ಬಣ್ಣಕ್ಕೆ ತಿರುಗಿ ಕಂದು ಗಸಿ ತೇಲಿತು. ಅವನ ನೀರು ಹಾಗೇ ತಿಳಿಯಾಗಿತ್ತು. “ಅಮ್ಮಾ, ಇದನ್ನೇ ಮೊಮ್ಮಗುಗೆ ಕುಡಿಸ್ತಾ ಇದ್ದೀರಾ?” ಅಂದನಂತೆ. ಪದ್ಮಕ್ಕ ಅಲ್ಲೇ ಅಡ್ವಾನ್ಸ್ ಕೊಟ್ಟರು.

“ಆ ಗಸಿ ಅವನ ಕಬ್ಬಿಣದ ಕಡ್ಡಿ ಕರಗಿ ಬಂದದ್ದು ಪದ್ಮಕ್ಕ. ಉಪ್ಪಿರೋ ನೀರಲ್ಲಿ ಕರೆಂಟು ಹರಿಯುತ್ತೆ, ಕಡ್ಡಿ ಸವೆಯುತ್ತೆ. ಅವನ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿದ್ದಿದ್ರೆ ಅದೂ ಹಾಗೇ ಆಗ್ತಿತ್ತು.”

ಪದ್ಮಕ್ಕ ಬಜ್ಜಿ ಕೆಳಗಿಟ್ಟರು. “ಹುಡುಗ ಮತ್ತೆ ಬರ್ಲಿ” ಅಂದರು. “ಉಪ್ಪಿನ ಡಬ್ಬಿ ತೆಗೆದಿಟ್ಟಿರ್ತೀನಿ.”

ಆರ್‌ಒ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ನಮ್ಮಂಥ ಬೋರ್ ನೀರಿಗೆ ಅದರಿಂದ ಉಪಯೋಗ ಇದೆ. ಆದರೆ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ, ಆ ನೀರು ನಲ್ಲಿ ನೀರಿಗಿಂತ ಗಡಸು. ಮೂರ್ತಿಗಳು ಉಳಿತಾಯ ಅಂತ ಅದರಲ್ಲೇ ತಮ್ಮ ಕಪ್ಪು ಕಾರು ತೊಳೆಯುತ್ತಾರೆ. ಒಣಗಿದ ಮೇಲೆ ಕಾರು ವಿಭೂತಿ ಬಳಿದುಕೊಂಡ ಹಾಗೆ ನಿಂತಿರುತ್ತದೆ.

ಮಾತು ಕಾವೇರಿಗೆ ಹೋಗಲೇಬೇಕಲ್ಲ, ಹೋಯಿತು. ಬೆಂಗಳೂರಿಗೆ ಸೇರಿಸಿಕೊಂಡ ಅಂಚಿನ 110 ಹಳ್ಳಿಗಳಿಗಾಗಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ತೊರೆಕಾಡನಹಳ್ಳಿಯಿಂದ ದಿನಕ್ಕೆ 77.5 ಕೋಟಿ ಲೀಟರ್ ಎತ್ತುವ ಯೋಜನೆ. ಕಾವೇರಿ ನೀರಿಗೆ ನಮ್ಮ ಬೋರಿನಷ್ಟು ಗಡಸು ಇಲ್ಲ, ಬೇಳೆ ಬೇಯುತ್ತದೆ. ಆದರೆ ನಮ್ಮ ಬೀದಿಯಲ್ಲಿ ಕನೆಕ್ಷನ್ ಹಣ ಯಾರು ಎಷ್ಟು ಹಾಕಬೇಕು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಬೋರು, ಟ್ಯಾಂಕರು, ಎರಡೂ ಒಂದೇ ಸಂಪಿಗೆ ಬೀಳುತ್ತವೆ.

“ಅದಿರ್ಲಿ” ಅಂದ ಸೀನ. “ಗಡಸು ಅಂತ ಇಷ್ಟು ಹೊತ್ತು ಬಡಿದಾಡಿದೆವು. ನೀರಲ್ಲಿ ಕ್ರಿಮಿ ಇದೆಯೋ ಇಲ್ಲವೋ ಅಂತ ಪೆನ್ನೂ ಹೇಳಲ್ಲ, ಹನಿಯೂ ಹೇಳಲ್ಲ. ಅದಕ್ಕೆ ಲ್ಯಾಬಿಗೇ ಕೊಡಬೇಕು. ರಂಗಣ್ಣ, ಸಂಪು ತೊಳೆಸಿ ಎಷ್ಟು ದಿನ ಆಯ್ತು?”

ರಂಗಣ್ಣ ಕೈಯಲ್ಲಿದ್ದ ಬಜ್ಜಿ ಪೇಪರನ್ನು ಮಡಚಿದರು. ಇನ್ನೊಂದು ಸಲ ಮಡಚಿದರು. “ಹಿಂದಿನ ಸೆಕ್ರೆಟರಿ ಕಾಲದಲ್ಲಿ ಆಗಿತ್ತು ಅನ್ಸುತ್ತೆ.”

“ಹಿಂದಿನ ಸೆಕ್ರೆಟರಿ ನೀವೇ ಅಲ್ವಾ?”

“ಹೌದು, ಅದಕ್ಕೇ ಹೇಳ್ತಿರೋದು, ಅನ್ಸುತ್ತೆ ಅಂತ. ಬರೋ ಭಾನುವಾರ ಎಲ್ಲರೂ ಸೇರಿ ನಿಂತು ತೊಳೆಸೋಣ. ಬೆಳಿಗ್ಗೆ ಏಳಕ್ಕೆ. ಯಾರ್ಯಾರು ಬರ್ತೀರ?”

ಮೂರ್ತಿಗಳಿಗೆ ಅವತ್ತು ಗೃಹಪ್ರವೇಶ. ಪದ್ಮಕ್ಕನಿಗೆ ನಾಮಕರಣ. ಸೀನನಿಗೆ ಪೇಪರ್ ತಿದ್ದುವುದಿದೆ. ನನಗೆ ಮದುವೆ ಇತ್ತು, ಯಾರದು ಅಂತ ರಂಗಣ್ಣ ಕೇಳುವ ಮುಂಚೆ ಬಜ್ಜಿ ದುಡ್ಡು ಕೊಟ್ಟು ಎದ್ದೆ.