ಪದಚರ್ಚೆ: 'ಥ್ಯಾಕರೆ' ಅಂದರೇನು? (ಬೋರ್ಡಿಗೆ ಬೇಕು, ತುರ್ತು)

ಬೈಲಹೊಂಗಲದಿಂದ:

ಎಲ್ಲರಿಗೂ ನಮಸ್ಕಾರ. ಕಿತ್ತೂರು ಕದನದ ಬಗ್ಗೆ ಶಾಲಾ ಮಕ್ಕಳಿಗಾಗಿ ಗೋಡೆ ಪ್ರದರ್ಶನವೊಂದನ್ನು ಸಿದ್ಧಮಾಡುತ್ತಿದ್ದೇವೆ. ಫಲಕಗಳು ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. 1824ರ ಅಕ್ಟೋಬರ್ 23ರಂದು ಅಮಟೂರು ಬಾಳಪ್ಪನ ಗುಂಡಿಗೆ ಬಿದ್ದ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಯ ಫಲಕ ಒಂದು ಬಾಕಿ ಇದೆ. ಬಾಳಪ್ಪನ ಹೆಸರಿನಲ್ಲಿ ಅಮಟೂರು ಅನ್ನುವ ಊರು ಇದೆಯಲ್ಲ, ಇವನ ಹೆಸರಿನಲ್ಲಿ ಏನಿದೆ ಎಂದು ಮಕ್ಕಳು ಕೇಳಿದ್ದಾರೆ. ಅರ್ಥ ಒಂದೇ ಸಾಲಿನಲ್ಲಿ ಬೇಕು. ಥ್ಯಾಕರೆಯೋ ಥ್ಯಾಕರೇಯೋ ಅದನ್ನೂ ಹೇಳಿ. 'ಸರ್‌ನೇಮ್' ಅನ್ನುವುದಕ್ಕೆ ಯಾವ ಪದ ಹಾಕಲಿ?

ಬೆಂಗಳೂರಿನಿಂದ:

ಇದರಲ್ಲಿ ಕೇಳುವುದೇನಿದೆ? ಠಕ್ಕುರ, ಠಾಕೂರ, ಠಾಕರೆ. ನಮ್ಮದೇ ಪದ, ಇಂಗ್ಲಿಷರು ಕಲ್ಕತ್ತೆಯಲ್ಲಿ ಎತ್ತಿಕೊಂಡು ಹೋದದ್ದು. ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆ ಹುಟ್ಟಿದ್ದೂ ಅಲ್ಲೇ.

ಲೀಡ್ಸ್‌ನಿಂದ:

ಅಲ್ಲ. ಕಾದಂಬರಿಕಾರ 1811ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ್ದು ನಿಜ, ಕಿತ್ತೂರಿನಲ್ಲಿ ಸತ್ತವನು ಅವನ ಚಿಕ್ಕಪ್ಪ ಎಂಬುದೂ ನಿಜ. ಆದರೆ ಮನೆತನ ಯಾರ್ಕ್‌ಶೈರಿನದು, ಹ್ಯಾರೊಗೇಟ್ ಹತ್ತಿರದ ಹ್ಯಾಂಪ್ಸ್‌ತ್ವೇಟ್ ಎಂಬ ಹಳ್ಳಿಯದು. ಕಂಪನಿ ಹುಟ್ಟುವುದಕ್ಕೆ ಎಷ್ಟೋ ಮುಂಚಿನಿಂದ ಆ ಸೀಮೆಯಲ್ಲಿ ಈ ಹೆಸರು ಇದೆ. ಮುಂಬಯಿಯ ಠಾಕರೆಯವರ ಮಾತು ಉಲ್ಟಾ: ಕಾದಂಬರಿಕಾರನ ಮೇಲಿನ ಅಭಿಮಾನದಿಂದ ಅವರೇ ಆ ಇಂಗ್ಲಿಷ್ ಕಾಗುಣಿತ ಹಿಡಿದರು ಎನ್ನುತ್ತಾರೆ.

ಈಗ ಅರ್ಥ. ಇದು ಊರ ಹೆಸರು. ಅದೇ ಯಾರ್ಕ್‌ಶೈರಿನ ಫ್ಯೂಸ್ಟನ್ ಪರಿಸರದಲ್ಲಿ ಥ್ಯಾಕ್ರೇ ಅಂತ ಒಂದು ಸಣ್ಣ ಜಾಗ ಇತ್ತು. ಲೀಡ್ಸಿಗೆ ಕುಡಿಯುವ ನೀರಿಗೆಂದು ವಾಶ್‌ಬರ್ನ್ ಕಣಿವೆಗೆ ಕಟ್ಟೆ ಹಾಕಿದರು, 1879ರಲ್ಲಿ ಫ್ಯೂಸ್ಟನ್ ಜಲಾಶಯ ಮುಗಿಯಿತು, ಆ ಜಾಗ ಮುಳುಗಿತು. ಪದ ಎರಡು ತುಂಡು, ಎರಡೂ ವೈಕಿಂಗರು ತಂದ ಹಳೆಯ ನಾರ್ಸ್ ಭಾಷೆಯವು. 'ಥಾಕ್' ಅಂದರೆ ಮಾಡಿಗೆ ಹೊದಿಸುವ ಹುಲ್ಲು, ಜೊಂಡು. 'ವ್ರಾ' ಅಂದರೆ ಮೂಲೆ. ಡೆನ್ಮಾರ್ಕಿನ ಡೇನರು ಈಗಲೂ ಮೂಲೆಗೆ ವ್ರೋ ಎನ್ನುತ್ತಾರೆ. ಒಟ್ಟು: ಜೊಂಡು ಬೆಳೆಯುವ ಮೂಲೆ. ಇಂಗ್ಲೆಂಡಿನ ಹಳೇ ಹೆಸರು ಅನ್ನಿ, ಹಳೇ ಇಂಗ್ಲಿಷ್ ಭಾಷೆಯ ಹೆಸರು ಅನ್ನಬೇಡಿ. ವೈಕಿಂಗ್ ಡೇನರ ಸೈನ್ಯ ಯಾರ್ಕ್ ಹಿಡಿದದ್ದು 866ರಲ್ಲಿ. ಅದಾದ ಮೇಲೆ ಆ ಸೀಮೆಯ ಹೊಲಗದ್ದೆ ಹಳ್ಳಕೊಳ್ಳಗಳಿಗೆಲ್ಲ ಅವರ ಹೆಸರೇ.

ಇಲ್ಲಿ ಸೇಂಟ್ ಜೇಮ್ಸ್ ಆಸ್ಪತ್ರೆ ಪಕ್ಕದಲ್ಲಿ ಇದೇ ಹೆಸರಿನ ವೈದ್ಯಕೀಯ ಮ್ಯೂಸಿಯಂ ಇದೆ. ಕಾಗುಣಿತದಲ್ಲಿ ನಡುವಿನ ಸ್ವರ ಇಲ್ಲ, ಜನ ಥ್ಯಾಕ್ರೇ ಅನ್ನುತ್ತಾರೆ. ನಿಮ್ಮ ಕಲೆಕ್ಟರನದು ಮೂರಕ್ಷರದ ಕವಲು, ಉಚ್ಚಾರ ಥ್ಯಾಕರಿ ಎಂಬುದಕ್ಕೆ ಹತ್ತಿರ. ಇನ್ನೊಂದು, ಮೊದಲ ಹೆಸರಾಗಿ ಬಂದಾಗ ಸೇಂಟ್ ಜಾನ್ ಅನ್ನುವುದನ್ನು 'ಸಿಂಜನ್' ಎನ್ನುವುದು ಅವರ ರೂಢಿ. ಅದನ್ನು ಬೋರ್ಡಿಗೆ ಹಾಕಿ ಮಕ್ಕಳ ತಲೆ ಕೆಡಿಸಬೇಡಿ.

ಮೈಸೂರಿನಿಂದ:

ಲೀಡ್ಸಿನವರು ಅರ್ಧ ದಾರಿಗೇ ನಿಂತುಬಿಟ್ಟರು. 'ಥಾಕ್' ಜರ್ಮನ್ನಿನಲ್ಲಿ 'ದಾಖ್', ಚಾವಣಿ. ಲ್ಯಾಟಿನ್ನಿನಲ್ಲಿ 'ತೆಗೆರೆ', ಮುಚ್ಚು. ಸಂಸ್ಕೃತದಲ್ಲಿ 'ಸ್ಥಗ್' ಧಾತು, ಅದೇ ಅರ್ಥ. ಬಸ್ ಸಂಚಾರ ಸ್ಥಗಿತ ಎಂದು ದಿನಾ ಪೇಪರಿನಲ್ಲಿ ಓದುತ್ತೇವಲ್ಲ, ಆ ಸ್ಥಗಿತಕ್ಕೆ ಮೂಲಾರ್ಥ 'ಮುಚ್ಚಿದ್ದು', ನಿಂತದ್ದಲ್ಲ. ಥ್ಯಾಚರ್ ಅನ್ನುವ ಹೆಸರೂ ಇದೇ ಧಾತು: ಹುಲ್ಲು ಹೊದಿಸುವವನು. ಥ್ಯಾಕರ್ ಅದರ ಉತ್ತರದ ರೂಪ. ಫಲಕದಲ್ಲಿ ಸಂಸ್ಕೃತದ ನಂಟು ಬರಲೇಬೇಕು. 'ಕುಲನಾಮ' ಬಳಸಿ.

ತುಮಕೂರಿನಿಂದ:

ಕನ್ನಡಿಗರ ಬಾಯಲ್ಲಿ ಮಹಾಪ್ರಾಣ ಇಲ್ಲ. 'ತ್ಯಾಕರೆ' ಎಂದು ಬರೆಯಿರಿ. ಕುಲನಾಮವಂತೆ! ಮನೆಹೆಸರು ಅಂದರೆ ಸಾಲದೇ? ಮೂರು ಸಾಲಿನ ಬೋರ್ಡಿಗೂ ಸಂಸ್ಕ್ರುತ ಹೊತ್ತು ತರುವ ಚಾಳಿ ಎಂದು ಬಿಡುತ್ತೀರೋ.

ಮೈಸೂರಿನಿಂದ:

ಸಂಸ್ಕೃತ ಎಂದು ನೆಟ್ಟಗೆ ಬರೆಯಲು ಬಾರದವರ ಜೊತೆ ಚರ್ಚೆ ಇಲ್ಲ.

ಲೀಡ್ಸ್‌ನಿಂದ:

ತುಮಕೂರಿನವರು ಋಕಾರ ಬೇಡವೆಂದು ಬೇಕೆಂದೇ ಹಾಗೆ ಬರೆಯುವುದು ಎಂದು ಈ ಚರ್ಚೆಯ ಪಟ್ಟಿಯಲ್ಲಿರುವವರಿಗೆಲ್ಲ ಗೊತ್ತು. ಹೋಗಲಿ, ಇಂಗ್ಲಿಷಿನ ಆ ಧ್ವನಿ ನಮ್ಮ ಥ ಅಲ್ಲ, ತ ಕೂಡ ಅಲ್ಲ. ನಾಲಿಗೆ ತುದಿ ಹಲ್ಲಿನ ನಡುವೆ ಸಿಕ್ಕಿಸಿ ಗಾಳಿ ಬಿಡಬೇಕು. ಎರಡರಲ್ಲಿ ಯಾವುದನ್ನು ಬರೆದರೂ ಅದು ಬರಿಯ ಒಪ್ಪಂದ. ಪಠ್ಯಪುಸ್ತಕಗಳಲ್ಲಿ ಥ ಬಂದಿದೆ, ಮಕ್ಕಳು ಅದನ್ನೇ ನೋಡಿದ್ದಾರೆ. ಸ್ಥಗ್ ನಂಟು ಸರಿಯಿದೆ, ಆದರೆ ಅದು ಅಕ್ಕತಂಗಿಯರ ನಂಟು, ತಾಯಿಮಗಳದಲ್ಲ. ಫಲಕದಲ್ಲಿ ಹಾಕಿದರೆ ಇಂಗ್ಲಿಷರ ಹೆಸರು ಸಂಸ್ಕೃತದಿಂದ ಬಂತು ಎಂದೇ ಮಕ್ಕಳು ಓದಿಕೊಳ್ಳುತ್ತಾರೆ, ಬೆಂಗಳೂರಿನವರ ಠಾಕೂರನಿಗೆ ಮತ್ತೆ ಜೀವ ಬರುತ್ತದೆ.

ಧಾರವಾಡದಿಂದ:

ಏನ್ರೀ ಇದು, ಆಕಿ ಕೇಳಿದ್ದು ಒಂದು, ನೀವು ಹೇಳೂದು ಹತ್ತು. ನಮ್ಮ ಕಡೆ ಇದಕ್ಕ ಅಡ್ಡಹೆಸರು ಅಂತಾರ, ಮುಗೀತು. ಬಡಿಗೇರ, ಪತ್ತಾರ, ಮೆಣಸಿನಕಾಯಿ, ಹುಬ್ಬಳ್ಳಿ, ಎಲ್ಲಾ ಅಡ್ಡಹೆಸರ. ಕಸುಬಿಂದು ಒಂದು, ಊರಿಂದು ಒಂದು. ಥ್ಯಾಚರ್ ಅಂದ್ರ ನಮ್ಮ ಬಡಿಗೇರ ಇದ್ದಂಗ, ಥ್ಯಾಕರೆ ಅಂದ್ರ ಹುಬ್ಬಳ್ಳಿ ಇದ್ದಂಗ. ಮಕ್ಕಳಿಗೆ ಇಷ್ಟು ಹೇಳ್ರಿ, ತಟ್ಟನ ತಿಳೀತದ. ಮೂಲೆ ಅನ್ನೂದು ಛಲೋ ಪದ ಐತಿ, ಮಲೆನಾಡಿನಾಗ ಮೂಲೆಮನೆ ಅಂತ ಹೆಸರು ಇಟ್ಕೊಂಡವರು ಅದಾರ.

ಮೈಸೂರಿನಿಂದ:

ಅಡ್ಡಹೆಸರು ಅಂದರೆ ನಮ್ಮಲ್ಲಿ ಕೀಟಲೆಗೆ ಕರೆಯುವ ಹೆಸರು. ಕಲೆಕ್ಟರನನ್ನು ಯಾರೋ ಜೊಂಡುಮೂಲೆ ಎಂದು ಅಣಕಿಸಿದರು ಎಂದಾಗುತ್ತದೆ.

ಬೈಲಹೊಂಗಲದಿಂದ:

ಎಲ್ಲರಿಗೂ ಧನ್ಯವಾದ. ಈ ಪಠ್ಯ ಪ್ರಿಂಟಿಗೆ ಕಳಿಸಿದೆ: "ಥ್ಯಾಕರೆ ಎಂಬುದು ಊರಿನಿಂದ ಬಂದ ಅಡ್ಡಹೆಸರು, ನಮ್ಮ ಅಮಟೂರು ಇದ್ದಂತೆ. ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿದ್ದ ಆ ಜಾಗ ಈಗ ಜಲಾಶಯದಲ್ಲಿ ಮುಳುಗಿದೆ. ಅರ್ಥ: ಚಾವಣಿಗೆ ಹೊದಿಸುವ ಜೊಂಡು ಬೆಳೆಯುವ ಮೂಲೆ."

ಮೈಸೂರಿನಿಂದ:

ಅಡ್ಡಹೆಸರು ಹಾಗೇ ಬಿಟ್ಟಿದ್ದೀರಿ. ಈ ಕಡೆಯ ಮಕ್ಕಳು ನೋಡಿದರೆ ನಗುತ್ತಾರೆ.

ಬೈಲಹೊಂಗಲದಿಂದ:

ಸರ್, ಬೋರ್ಡು ಹಾಕುವುದು ಈ ಕಡೆ.