ಒಬ್ಬನೇ ಆಡುವ ಗೇಮಿಗೂ ಸದಾ ನೆಟ್ ಬೇಕಾ? ಅನುಭವ ಇದ್ದವರು ಹೇಳಿ

ಕೊಪ್ಪದಿಂದ, ಕೇಳಿದವರು:

ನಮ್ಮ ಮನೆ ಇರುವುದು ತೋಟದ ಮಧ್ಯೆ. ಮಳೆಗಾಲದಲ್ಲಿ ಎಲ್ಲೋ ಒಂದು ಮರ ಬಿದ್ದರೆ ಸಾಕು, ಫೈಬರ್ ಕಟ್. ರಿಪೇರಿಯವರು ಬರುವವರೆಗೆ ನೆಟ್ ಇಲ್ಲ. ಮೊಬೈಲ್ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಲ್ಯಾಪ್‌ಟಾಪ್ ಇನ್ವರ್ಟರ್ ಮೇಲೆ ಓಡುತ್ತದೆ, ಕರೆಂಟಿನ ಚಿಂತೆ ಇಲ್ಲ. ಹೊರಗೆ ಕೆಲಸ ಆಗದ ಆ ದಿನಗಳಲ್ಲೇ ಗೇಮ್ ಆಡೋಣ ಅಂತ ಕೂತರೆ ಸರ್ವರ್ ಸಿಗುತ್ತಿಲ್ಲ ಅಂತ ಬರುತ್ತದೆ. ನಾನು ಆಡುವುದು ಒಬ್ಬನೇ, ಕಥೆ ಇರುವ ಗೇಮುಗಳು. ಎಲ್ಲ ದುಡ್ಡು ಕೊಟ್ಟೇ ತಗೊಂಡಿದ್ದು. ಕಂಪನಿಗಳು ಈಚೆಗೆ ಈ ಬಿಗಿ ಸಡಿಲ ಮಾಡುತ್ತಿವೆ ಅಂತ ಕೇಳಿದೆ, ಹೌದಾ? ಸೇಲ್‌ನಲ್ಲಿ ಕೆಲವು ತಗೋಬೇಕು ಅಂತಿದ್ದೇನೆ. ಏನು ನೋಡಿ ತಗೊಳ್ಳಲಿ?

ಬೆಂಗಳೂರಿನಿಂದ:

"ನೆಟ್ ಬೇಕು" ಅನ್ನುವುದರಲ್ಲೇ ಮೂರು ಥರ ಇದೆ ಗುರು. ಕೆಲವು ಗೇಮು ಇನ್‌ಸ್ಟಾಲ್ ಆದಾಗ ಒಂದು ಸಲ ಕೇಳಿ ಸುಮ್ಮನಾಗುತ್ತವೆ. ಕೆಲವು ಪ್ರತಿ ಸಲ ಶುರು ಮಾಡುವಾಗ ಕೇಳುತ್ತವೆ. ಇನ್ನು ಕೆಲವಕ್ಕೆ ಆಡುವಷ್ಟು ಹೊತ್ತೂ ಲೈನ್ ಇರಲೇಬೇಕು. ಮೊದಲನೆಯದು ನಿಮಗೆ ಸಮಸ್ಯೆಯೇ ಅಲ್ಲ. ಎರಡನೆಯದನ್ನು ಸಡಿಲ ಮಾಡುವುದು ಕಂಪನಿಗೆ ಸುಲಭ, ಮನಸ್ಸು ಬಂದರೆ ಒಂದು ಪ್ಯಾಚ್, ಅಂದರೆ ಸಣ್ಣ ತಿದ್ದುಪಡಿ, ಸಾಕು. ಮೂರನೆಯದರಲ್ಲಿ ಮಾತ್ರ ಗೇಮಿನ ಎಷ್ಟು ಭಾಗ ಅವರ ಸರ್ವರ್‌ನಲ್ಲಿದೆ ಅಂತ ನೋಡಬೇಕು. ಆಟ ಎಲ್ಲಿಗೆ ಬಂತು ಅಂತ ಉಳಿಸುವ ಸೇವ್ ಫೈಲೇ ಅಲ್ಲಿದ್ದರೆ ಕಷ್ಟ.

ಡಯಾಬ್ಲೊ 3 ಗೇಮ್ ಗೊತ್ತಲ್ವಾ? 2012ರ ಮೇ ತಿಂಗಳಲ್ಲಿ ಬಂತು. ಮೊದಲ ದಿನ ಲಾಗಿನ್ ಮಾಡಿದವರಿಗೆ ಸಿಕ್ಕಿದ್ದು "ಎರರ್ 37", ಅಂದರೆ ಸರ್ವರ್ ಬಿಜಿ, ಆಮೇಲೆ ಬನ್ನಿ. ಮರುವರ್ಷ ಟಿವಿಗೆ ಜೋಡಿಸಿ ಆಡುವ ಕನ್ಸೋಲಿಗೆ ಬಂದಾಗ ಆಫ್‌ಲೈನ್ ಕೊಟ್ಟರು. ಪಿಸಿಗೆ ಇವತ್ತಿಗೂ ಕೊಟ್ಟಿಲ್ಲ. ಅದನ್ನು ಪಟ್ಟಿಯಿಂದ ತೆಗೆದುಬಿಡಿ.

ಮೈಸೂರಿನಿಂದ:

ಸಡಿಲ ಆಗುತ್ತಿರುವುದು ಈಚೆಗೆ ಅಲ್ಲ. ಬಿಗಿ ಮಾಡುವುದು, ಜನ ಬೈದ ಮೇಲೆ ಬಿಡುವುದು, ಮತ್ತೆ ಬಿಗಿ ಮಾಡುವುದು, ಇದು ಮೊದಲಿಂದ ನಡೆದೇ ಇದೆ. ಸ್ವಲ್ಪ ಹಿಂದಿನದು ಹೇಳುತ್ತೇನೆ, ಯಾವ ಗೇಮ್ ಯಾವಾಗ ಕೊಳ್ಳಬೇಕು ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ.

2008ರಲ್ಲಿ ಮಾಸ್ ಎಫೆಕ್ಟ್ ಗೇಮ್ ಪಿಸಿಗೆ ಬರುವ ಮುಂಚೆ, ಇದು ದುಡ್ಡು ಕೊಟ್ಟ ಪ್ರತಿಯೇನಾ ಅಂತ 10 ದಿನಕ್ಕೊಮ್ಮೆ ನೆಟ್‌ನಲ್ಲಿ ಪರೀಕ್ಷೆ ಮಾಡುತ್ತೇವೆ ಅಂದಿದ್ದರು. ಗಲಾಟೆ ಆಯಿತು, ಬಿಡುಗಡೆಗೆ ಮೊದಲೇ ಅದನ್ನು ಕೈಬಿಟ್ಟು ಒಂದು ಸಲದ ಆಕ್ಟಿವೇಶನ್‌ಗೆ ಇಳಿದರು. ಈಗ ಯೋಚಿಸಿದರೆ ನಗು ಬರುತ್ತದೆ. ಎರಡೇ ವರ್ಷದಲ್ಲಿ ಅದರ ಹತ್ತು ಪಟ್ಟು ಬಿಗಿ ಬಂತು.

2010ರ ಮಾರ್ಚ್‌ನಲ್ಲಿ ಯೂಬಿಸಾಫ್ಟ್ ಕಂಪನಿ ಅಸ್ಯಾಸಿನ್ಸ್ ಕ್ರೀಡ್ 2 ಮತ್ತು ಸೈಲೆಂಟ್ ಹಂಟರ್ 5 ಗೇಮುಗಳನ್ನು ಪಿಸಿಗೆ ಬಿಟ್ಟಿತು. ಎರಡಕ್ಕೂ ಆಡುವಷ್ಟು ಹೊತ್ತೂ ನೆಟ್ ಬೇಕು. ಫ್ಲಾರೆನ್ಸ್ ಊರಿನ ಮಾಡುಗಳ ಮೇಲೆ ಹಾರುತ್ತಾ ಹೋಗುತ್ತಿರುತ್ತೀರಿ, ನೆಟ್ ಹೋಯಿತು ಅಂದರೆ ಆಟ ಅಲ್ಲೇ ನಿಂತಿತು. ಎದುರಿಗೆ ಬೇರೆ ಆಟಗಾರ ಯಾರೂ ಇಲ್ಲ, ಆದರೂ. ಬಿಡುಗಡೆಯಾದ ಶುರುವಿನಲ್ಲೇ ಆ ಸರ್ವರ್‌ಗಳ ಮೇಲೆ ದಾಳಿ ಆಯಿತು. ಸರ್ವರ್ ಮಲಗಿತು, ದುಡ್ಡು ಕೊಟ್ಟವರು ವಾರಾಂತ್ಯದಲ್ಲಿ ಆಡಲಾಗದೆ ಕೂತರು. ಕಳ್ಳರನ್ನು ತಡೆಯಲು ಹಾಕಿದ ಬೀಗದಿಂದ ಮನೆಯವರೇ ಹೊರಗೆ ನಿಂತ ಹಾಗೆ.

ಆ ವರ್ಷ ಮುಗಿಯುವ ಹೊತ್ತಿಗೆ ಅಸ್ಯಾಸಿನ್ಸ್ ಕ್ರೀಡ್ 2ಕ್ಕೆ ಪ್ರತಿ ಸಲ ಆಟ ಶುರು ಮಾಡುವಾಗ ಮಾತ್ರ ನೆಟ್ ಇದ್ದರೆ ಸಾಕು ಅಂತ ಇಳಿಸಿದರು. ಸುಮ್ನೆ, ಯಾವ ಡಂಗುರವೂ ಇಲ್ಲದೆ. 2011ರಲ್ಲಿ ಅದೇ ಕಂಪನಿಯ ಫ್ರಮ್ ಡಸ್ಟ್ ಬಂದಾಗ ಒಂದೇ ಸಲ ಸಾಕು ಅಂದವರು, ಪ್ರತಿ ಸಲ ಕೇಳುವ ಗೇಮ್ ಕೊಟ್ಟರು. ಮತ್ತೆ ಗಲಾಟೆ, ಮತ್ತೆ ಪ್ಯಾಚ್. ಕೊನೆಗೆ 2012ರ ಸೆಪ್ಟೆಂಬರ್‌ನಲ್ಲಿ ಬಾಯಿ ಬಿಟ್ಟು ಹೇಳಿದರು: 2011ರ ಜೂನ್‌ನಿಂದ ನಮ್ಮ ಪದ್ಧತಿ ಮೊದಲ ಸಲದ ಆಕ್ಟಿವೇಶನ್ ಮಾತ್ರ, ಆಮೇಲೆ ಆಫ್‌ಲೈನ್ ಆಡಬಹುದು ಅಂತ.

ಸಿಮ್‌ಸಿಟಿ ಕಥೆ ಇದಕ್ಕಿಂತ ರಸವತ್ತಾಗಿದೆ. 2013ರ ಮಾರ್ಚ್‌ನಲ್ಲಿ ಬಂತು. ನಗರ ಕಟ್ಟುವ ಆಟ, ತಲೆಮಾರುಗಳಿಂದ ಜನ ಒಬ್ಬೊಬ್ಬರೇ ಕೂತು ಆಡಿದ್ದು. ಈ ಸಲ ಕಟ್ಟಿದ ನಗರ ಉಳಿಯುವುದೇ ಸರ್ವರ್‌ನಲ್ಲಿ. ಬಿಡುಗಡೆಯಾದ ದಿನವೇ ಸರ್ವರ್ ಕುಸಿಯಿತು. ಕೆಲವರು ಗಂಟೆಗಟ್ಟಲೆ ಕಟ್ಟಿದ ನಗರವೇ ಮಾಯ. ಕಂಪನಿಯವರು ಪರಿಹಾರ ಅಂತ ಇನ್ನೊಂದು ಗೇಮ್ ಪುಕ್ಕಟೆ ಕೊಟ್ಟರು. ಆಫ್‌ಲೈನ್ ಯಾಕೆ ಇಲ್ಲ ಅಂದರೆ, ಲೆಕ್ಕಾಚಾರದ ದೊಡ್ಡ ಭಾಗ ಸರ್ವರ್‌ನಲ್ಲೇ ನಡೆಯುತ್ತದೆ, ತೆಗೆಯುವುದು ಭಾರೀ ಕೆಲಸ ಅಂದರು. ಅದೇ ತಿಂಗಳು ಹವ್ಯಾಸಿಯೊಬ್ಬ ಕೋಡ್ ಸ್ವಲ್ಪ ಬದಲಾಯಿಸಿ, ನೆಟ್ ಇಲ್ಲದೆಯೂ ನಗರ ಓಡುತ್ತದೆ ಅಂತ ತೋರಿಸಿದ! ಕಂಪನಿಯಿಂದ ಆಫ್‌ಲೈನ್ ಬಂದಿದ್ದು 2014ರ ಮಾರ್ಚ್‌ನಲ್ಲಿ, ಹತ್ತನೇ ಅಪ್‌ಡೇಟ್ ಜೊತೆ. ಸೇವ್ ನಮ್ಮ ಡಿಸ್ಕಿಗೇ ಬಂತು. ಬೆಂಕಿ ಬಿದ್ದು ಊರು ಹಾಳಾದರೆ ಹಳೇ ಸೇವ್ ತೆರೆದು ಮತ್ತೆ ಆಡಬಹುದು. ನಾನು ತಗೊಂಡಿದ್ದು ಅದಾದ ಮೇಲೇ. ನೆಟ್ ಇಲ್ಲದ ದಿನಗಳಲ್ಲಿ ಆರಾಮವಾಗಿ ಆಡಿದ್ದೇನೆ, ಒಂದು ಸಲವೂ ತಕರಾರು ಮಾಡಲಿಲ್ಲ.

ಈಚಿನದು ಬೇಕಾದರೆ ರೆಡ್‌ಫಾಲ್. 2023ರ ಮೇ ತಿಂಗಳಲ್ಲಿ ಬಂದಾಗ ಒಬ್ಬನೇ ಆಡಿದರೂ ನೆಟ್ ಬೇಕಿತ್ತು. ಆಫ್‌ಲೈನ್ ಬಂದಿದ್ದು 2024ರ ಮೇ ಕೊನೆಯಲ್ಲಿ. ಅದೇ ತಿಂಗಳು ಆ ಸ್ಟುಡಿಯೊ ಮುಚ್ಚುತ್ತೇವೆ ಅಂತ ಘೋಷಿಸಿದ್ದರು. ಅದು ಗೇಮಿನ ಕಡೇ ಅಪ್‌ಡೇಟ್.

ನನಗೆ ಕಾಣುವುದು ಇಷ್ಟು. ಬಿಗಿ ಸಡಿಲ ಆಗುವುದು ಜನ ಜೋರಾಗಿ ಕೂಗಿದಾಗ, ಇಲ್ಲಾ ವ್ಯಾಪಾರ ಮುಗಿದಾಗ. ಹಾಗಾಗಿ ಹೊಸ ಗೇಮನ್ನು ಮೊದಲ ವಾರ ಮುಟ್ಟಬೇಡಿ. "ಮುಂದೆ ಆಫ್‌ಲೈನ್ ಕೊಡುತ್ತೇವೆ" ಅನ್ನುವ ಮಾತು ನಂಬಿ ದುಡ್ಡು ಹಾಕಬೇಡಿ. ಕೊಟ್ಟ ಮೇಲೆ ಹಾಕಿ. ಅಷ್ಟು ಹೊತ್ತಿಗೆ ಬೆಲೆಯೂ ಇಳಿದಿರುತ್ತದೆ.

ಉಡುಪಿಯಿಂದ:

ಮಾರಾಯ್ರೆ, ಚರಿತ್ರೆ ಆಯಿತು, ಮಳೆ ಶುರುವಾಗುವ ಮುಂಚೆ ಏನು ಮಾಡಬೇಕು ಅಂತ ನಾನು ಹೇಳುತ್ತೇನೆ.

ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಗೇಮಿನ ಪುಟ ತೆರೆದಾಗ ಬಲಗಡೆ ಸಣ್ಣ ಚೌಕದಲ್ಲಿ ಥರ್ಡ್ ಪಾರ್ಟಿ ಡಿಆರ್‌ಎಂ (ನಕಲು ತಡೆಯಲು ಬೇರೆ ಕಂಪನಿ ಹಾಕಿದ ಬೀಗ) ಇದೆ, ಥರ್ಡ್ ಪಾರ್ಟಿ ಅಕೌಂಟ್ ಬೇಕು ಅಂತ ಬರೆದಿರುತ್ತದೆ. ಬೆಲೆ ನೋಡುವ ಮುಂಚೆ ಅದನ್ನು ನೋಡಿ. ಆಮೇಲೆ ಪಿಸಿ ಗೇಮಿಂಗ್ ವಿಕಿಯಲ್ಲಿ ಹೆಸರು ಹಾಕಿ ಹುಡುಕಿ. ಯಾವ ಅಂಗಡಿಯ ಪ್ರತಿಗೆ ಯಾವ ಬೀಗ ಇದೆ, ಯಾವಾಗ ತೆಗೆದರು ಅನ್ನುವುದು ಅಲ್ಲಿ ಸಿಗುತ್ತದೆ.

ನೆಟ್ ಇರುವಾಗಲೇ ಅಪ್‌ಡೇಟ್ ಪೂರ್ತಿ ಮಾಡಿ, ಪ್ರತಿ ಗೇಮನ್ನೂ ಒಂದು ಸಲ ತೆರೆದು ಒಳಗೆ ಹೋಗಿ ಬನ್ನಿ. ಮೆನು ಬಂದರೆ ಸಾಲದು, ಆಟ ಶುರು ಆಗಬೇಕು. ಆಮೇಲೆ ಸ್ಟೀಮ್ ಮೆನುವಿನಲ್ಲಿ "ಗೋ ಆಫ್‌ಲೈನ್" ಒತ್ತಿ. ಯೂಬಿಸಾಫ್ಟ್ ಕನೆಕ್ಟ್, ಇಎ ಆ್ಯಪ್ ಅಂತ ಗೇಮ್ ಕಂಪನಿಗಳದ್ದೇ ಆ್ಯಪ್‌ಗಳಿವೆ, ಎರಡರಲ್ಲೂ ಆಫ್‌ಲೈನ್ ಇದೆ, ಆದರೆ ಮೊದಲೇ ಲಾಗಿನ್ ಆಗಿರಬೇಕು. ಮೈಕ್ರೋಸಾಫ್ಟ್ ಸ್ಟೋರಿನಿಂದ ತಗೊಂಡಿದ್ದರೆ ಸೆಟ್ಟಿಂಗ್ಸ್‌ನಲ್ಲಿ "ಆಫ್‌ಲೈನ್ ಪರ್ಮಿಶನ್ಸ್" ಅಂತ ಒಂದು ಗುಂಡಿ ಇದೆ. ಅದನ್ನು ಒಂದು ಸಲಕ್ಕೆ ಒಂದೇ ಮಶೀನಿಗೆ ಹಾಕಬಹುದು. ಬೆಂಗಳೂರಲ್ಲಿರುವ ತಮ್ಮನ ಪಿಸಿಯಲ್ಲಿ ಅದು ಆನ್ ಇದ್ದರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಆಗಲಿಕ್ಕಿಲ್ಲ.

ಇನ್ನೊಂದು ಮಾತು, ಮಳೆ ದಿನಗಳ ಹತ್ತಿರ ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಹಾಕಿಸಬೇಡಿ. ಡೆನುವೊ ಅನ್ನುವ ಬೀಗ ಇರುವ ಗೇಮು ಅಂಥ ಬದಲಾವಣೆ ಆದರೆ ಇದು ಹೊಸ ಮಶೀನು ಅಂದುಕೊಂಡು ಮತ್ತೆ ನೆಟ್ ಕೇಳಬಹುದು. ನನ್ನ ಹತ್ತಿರ ಇದ್ದ ಒಂದು ಗೇಮ್ ಹೀಗೇ ಮಾಡಿತು, ನಡುರಾತ್ರಿ ಹೊರಗೆ ಧೋ ಅಂತ ಮಳೆ, ಒಳಗೆ ಆಕ್ಟಿವೇಶನ್ ಕಿಟಕಿ.

ಇಷ್ಟೆಲ್ಲ ತಲೆನೋವು ಬೇಡ ಅಂದರೆ ಬೀಗ ಇಲ್ಲದ ಗೇಮ್ ಮಾರುವ ಜಿಒಜಿ ಅಂಗಡಿ. ಅಲ್ಲಿ ಇನ್‌ಸ್ಟಾಲರನ್ನೇ ಇಳಿಸಿಕೊಂಡು ಹಾರ್ಡ್ ಡಿಸ್ಕಲ್ಲಿ ಇಟ್ಟುಕೊಳ್ಳಬಹುದು. 2021ರ ಸೆಪ್ಟೆಂಬರ್‌ನಲ್ಲಿ ಹಿಟ್‌ಮ್ಯಾನ್ ಗೇಮನ್ನು ಅಲ್ಲಿ ಮಾರಿದರು, ಕೆಲವು ಭಾಗಗಳಿಗೆ ನೆಟ್ ಬೇಕು ಅಂತ ಗೊತ್ತಾಗಿ ಜನ ಹಿಗ್ಗಾಮುಗ್ಗಾ ಬೈದರು. ಮುಂದಿನ ತಿಂಗಳೇ ಅಂಗಡಿಯಿಂದ ಇಳಿಸಿದರು. ಅಲ್ಲಿ ಕೊಳ್ಳುವವರು ಈ ವಿಷಯದಲ್ಲಿ ಬಹಳ ಚುರುಕು.

ಕೊಪ್ಪದಿಂದ:

ತುಂಬಾ ಉಪಕಾರ ಆಯಿತು. ಒಂದು ಮಾತು ಕೇಳಲಾ, ಬೇಜಾರು ಮಾಡ್ಕೋಬೇಡಿ. ದುಡ್ಡು ಕೊಟ್ಟು ತಗೊಂಡ ಗೇಮಿಗೇ ಕ್ರ್ಯಾಕ್, ಅಂದರೆ ಬೀಗ ಮುರಿಯುವ ಫೈಲ್, ಹಾಕಿಕೊಂಡರೆ ತಪ್ಪಾ?

ಹುಬ್ಬಳ್ಳಿಯಿಂದ:

ನೋಡ್ರಿ, ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ 65ಎ ಅಂತ ಒಂದು ಕಲಂ ಸೇರಿಸಿದ್ದಾರೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ 2 ವರ್ಷದವರೆಗೆ ಜೈಲು, ಜೊತೆಗೆ ದಂಡ. ಕೊಂಡ ಗೇಮಿನ ಬೀಗ ಮುರಿದರೆ ಆ ಉದ್ದೇಶ ಇದೆಯಾ ಇಲ್ವಾ ಅಂತ ವಕೀಲರು ಜಗಳ ಆಡಲಿ. ನನ್ನ ತಕರಾರು ಬೇರೆ. ಕ್ರ್ಯಾಕ್ ಇಳಿಸುವ ಕಡೆ ಮೊದಲ ಸೂಚನೆಯೇ ಆಂಟಿವೈರಸ್ ಬಂದ್ ಮಾಡಿ ಅಂತ. ಅದೇ ಲ್ಯಾಪ್‌ಟಾಪಿನಲ್ಲಿ ನಿಮ್ಮ ಬ್ಯಾಂಕಿನ ವ್ಯವಹಾರವೂ ಇರುತ್ತದೆ. ಬೇಡ.

ಕಾಯುವುದು ವಾಸಿ. ದ ವಿಚರ್ 2 ಮಾಡಿದವರು 2011ರಲ್ಲಿ ಬಿಡುಗಡೆಯಾದ ಸ್ವಲ್ಪ ದಿನಕ್ಕೇ ಪ್ಯಾಚ್ ಕೊಟ್ಟು ತಾವೇ ಬೀಗ ತೆಗೆದರು. 2016ರ ಮೇನಲ್ಲಿ ಬಂದ ಡೂಮ್ ಗೇಮಿನಿಂದ ಡಿಸೆಂಬರ್‌ನಲ್ಲಿ ಡೆನುವೊ ಹೋಯಿತು.

ಜರ್ಮನಿಯಿಂದ:

ನಮ್ಮ ಕಡೆ ಈ ಜಗಳ ಈಗ ಸರ್ಕಾರದ ಬಾಗಿಲಿಗೆ ಹೋಗಿದೆ. ಕಾರಣ ದ ಕ್ರೂ. 2014ರಲ್ಲಿ ಬಂದ ಕಾರ್ ರೇಸಿನ ಗೇಮು, ಒಬ್ಬರೇ ಆಡಲೂ ಸರ್ವರ್ ಬೇಕು. 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿದರು, ಕೊಂಡವರ ಹತ್ತಿರ ಇದ್ದ ಡಿಸ್ಕ್ ಕೂಡ ಕೆಲಸಕ್ಕೆ ಬಾರದಂತಾಯಿತು. ಅದರಿಂದ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಅನ್ನುವ ಚಳವಳಿ ಹುಟ್ಟಿತು. ಯುರೋಪಿನ ನಾಗರಿಕರ ಮನವಿಗೆ 2025ರ ಜುಲೈನಲ್ಲಿ 10 ಲಕ್ಷ ಸಹಿ ದಾಟಿತು. ಬೇಡಿಕೆ ಸರಳ: ಸರ್ವರ್ ಮುಚ್ಚುವುದಾದರೆ ಮುಚ್ಚಿ, ಆದರೆ ಆಮೇಲೂ ಆಡಲು ಆಗುವ ಹಾಗೆ ಬಿಟ್ಟು ಹೋಗಿ. ಅದೇ ವರ್ಷ ದ ಕ್ರೂ 2ಕ್ಕೆ ಆಫ್‌ಲೈನ್ ಬಂತು. ಕೂಗಿದ್ದಕ್ಕೆ ಸಿಕ್ಕಿದ್ದು ಅಂತಲೇ ನನ್ನ ನಂಬಿಕೆ.

ಕೊಪ್ಪದಿಂದ:

ಸರಿ, ಸಿಮ್‌ಸಿಟಿ ಗಟ್ಟಿ. ಇನ್ನೆರಡು ಹೊಸ ಗೇಮ್ ಮೇಲೆ ಕಣ್ಣಿದೆ, ಅವುಗಳ ಬಗ್ಗೆ ಎಲ್ಲೂ ಸರಿಯಾಗಿ ಬರೆದಿಲ್ಲ.

ಬೆಂಗಳೂರಿನಿಂದ:

ಹಾಗಿದ್ದರೆ ನೀವೇ ಪರೀಕ್ಷೆ ಮಾಡಿ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಇಳಿಸಿ, ಹತ್ತು ನಿಮಿಷ ಆಡಿ, ಸೇವ್ ಮಾಡಿ ಹೊರಗೆ ಬನ್ನಿ. ಸ್ಟೀಮನ್ನು ಆಫ್‌ಲೈನಿಗೆ ಹಾಕಿ. ರೌಟರ್ ಸ್ವಿಚ್ ತೆಗೆಯಿರಿ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ, ಗೇಮ್ ತೆರೆಯಿರಿ. ಹಳೇ ಸೇವ್ ತೆರೆದುಕೊಂಡರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ವಾಪಸ್ ಕಳಿಸಿ. ಮರುದಿನ ಇನ್ನೊಂದು ಸಲ ಹೀಗೇ ತೆರೆದು ನೋಡಿ, ಯಾಕೆಂದರೆ ಕೆಲವು ಗೇಮುಗಳು ಮೊದಲ ದಿನ ಸುಮ್ಮನಿದ್ದು ಆಮೇಲೆ ಕೇಳುತ್ತವೆ. ಏನಾಯಿತು ಅಂತ ಗೇಮಿನ ಹೆಸರು ಹಾಕಿ ಇಲ್ಲೇ ಬರೆಯಿರಿ, ತೀರ್ಥಹಳ್ಳಿ ಕಡೆಯ ಇನ್ನೊಬ್ಬರೂ ಇದನ್ನೇ ಕೇಳುತ್ತಿದ್ದರು.